ಎರಡೂವರೆ ಮಿಲಿಮೀಟರ್ ಹಲಗೆ

ಕ್ಲಾಸಿಕಲ್ ಗಿಟಾರ್ ಕಟ್ಟುವ ಕಡೆ ಹೋದರೆ ಮೊದಲು ಕಣ್ಣು ಸೆಳೆಯುವುದು ಬೀಟೆ ಮರ. ಕಂದು ಬಣ್ಣ, ಅದರೊಳಗೆ ನೇರಳೆ ಮತ್ತು ಕಪ್ಪು ಗೆರೆಗಳು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರವನ್ನು ಸ್ಪೇನಿನವರೂ ಗಿಟಾರಿನ ಬೆನ್ನಿಗೆ, ಪಕ್ಕಗಳಿಗೆ ತರಿಸಿಕೊಳ್ಳುತ್ತಾರೆ. ಆದರೆ ಆ ಶನಿವಾರ ನಮ್ಮ ಮೇಷ್ಟ್ರು ಬೀಟೆಯನ್ನು ಮುಟ್ಟಲೇ ಬಿಡಲಿಲ್ಲ. ಬಿಳಿಚಿಕೊಂಡಂತಿದ್ದ ಸ್ಪ್ರೂಸ್ ಹಲಗೆಯೊಂದನ್ನು ನನ್ನ ಕೈಗಿಟ್ಟರು.

ಅವರ ಶೆಡ್ ಇರುವುದು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಹತ್ತಿರ. ಬೆಳಗ್ಗೆ ಆರಕ್ಕೇ ಬಾ ಎಂದಿದ್ದರು. ಸಾಮಿಲ್ಲುಗಳು ಶುರುವಾದ ಮೇಲೆ ಹಲಗೆಯ ದನಿ ಕೇಳಿಸುವುದಿಲ್ಲ, ಅದಕ್ಕೆ.

ಇದು ಗಿಟಾರಿನ ಮುಂಭಾಗದ ಹಲಗೆ. ಆಗ ದಪ್ಪ ಸುಮಾರು 4 ಮಿಲಿಮೀಟರ್. ಅಂಚಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಬೇಕು. ಮೊದಲು ಬಂದದ್ದು ಮೊಂಡು ಸದ್ದು. ಕೀಸುಳಿಯಿಂದ ಸ್ವಲ್ಪ ಹೆರೆದು, ಮತ್ತೆ ತಟ್ಟಿದೆ. ಎಳೆಯ ಉದ್ದಕ್ಕೆ ಬಗ್ಗಿಸಿ ನೋಡಿದೆ, ಅಡ್ಡಕ್ಕೂ ಬಗ್ಗಿಸಿದೆ. ಉದ್ದಕ್ಕೆ ಜಗ್ಗುವುದಿಲ್ಲ, ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ. 3 ಮಿಲಿಮೀಟರಿಗಿಂತ ಕೆಳಗಿಳಿದ ಮೇಲೆ ಸದ್ದು ಬದಲಾಯಿತು. ತಟ್ಟಿ ಕೈ ತೆಗೆದರೂ ದನಿ ಉಳಿಯುತ್ತಿತ್ತು.

"ಈಗ ಏನ್ ಕೇಳಿಸ್ತಿದೆ?"

"ಗುಂಯ್ ಅಂತಿದೆ, ಸಾರ್."

"ಹಾಗಾದ್ರೆ ಇನ್ಮುಂದೆ ನಿಧಾನ. ಜಾಸ್ತಿ ತೆಗೆದ್ರೆ ವಾಪಸ್ ಹಾಕಕ್ಕಾಗಲ್ಲ."

ಆರು ನೈಲಾನ್ ತಂತಿಗಳು ಸೇರಿ ಸುಮಾರು 40 ಕಿಲೋದಷ್ಟು ಎಳೆಯುತ್ತವೆ. ಈ ಹಲಗೆ ಅದನ್ನು ತಡೆಯಬೇಕು, ಬೆರಳ ತುದಿಯ ಮೀಟಿಗೂ ನಡುಗಬೇಕು. ದಪ್ಪ ಬಿಟ್ಟರೆ ದನಿ ಕಟ್ಟಿಹೋಗುತ್ತದೆ, ತೆಳುವಾದರೆ ಹಲಗೆ ಸೋಲುತ್ತದೆ. ಸಾಮಾನ್ಯವಾಗಿ 2ರಿಂದ 2.5 ಮಿಲಿಮೀಟರ್ ನಡುವೆ ಎಲ್ಲೋ ನಿಲ್ಲಿಸಬೇಕು. ಎಲ್ಲಿ ಅಂತ ಅಳತೆಪಟ್ಟಿ ಹೇಳುವುದಿಲ್ಲ. ಒಂದೇ ಮರದ ಎರಡು ಹಲಗೆಗಳೂ ಒಂದೇ ಥರ ಇರುವುದಿಲ್ಲ. ಯಂತ್ರಕ್ಕೆ ಒಂದು ಅಂಕಿ ಕೊಟ್ಟರೆ ಎಲ್ಲವನ್ನೂ ಅಷ್ಟಕ್ಕೇ ತಂದುಬಿಡುತ್ತದೆ. ಕೈಕೆಲಸ ಬೇಕಾಗುವುದು ಇಲ್ಲೇ, ಅಲ್ವಾ? ಹಳೆಯ ಪದ್ಧತಿಯ ಮೇಲಿನ ಮಮತೆಗೆ ಅಂತ ಸುಮ್ನೆ ಯಾರೂ ಬೆಳಗ್ಗೆ ಆರಕ್ಕೆ ಹಲಗೆ ತಟ್ಟುತ್ತ ಕೂರುವುದಿಲ್ಲ.

ಕಾಫಿ ಕುಡಿಯುವಾಗ ಮೇಷ್ಟ್ರು ಆಂಟೋನಿಯೋ ಡಿ ಟೊರೆಸ್ ಕಥೆ ಹೇಳಿದರು. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪ ಬಂದದ್ದು ಸ್ಪೇನಿನ ಈ ಕುಶಲಕರ್ಮಿಯಿಂದ. 1862ರಲ್ಲಿ ಅವರು ಒಂದು ಗಿಟಾರಿನ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಂಥ ಕಾಗದದ ತಿರುಳಿನಿಂದ ಮಾಡಿದರು. ಮುಂದಿನ ಹಲಗೆ ಮಾತ್ರ ಮರದ್ದು. ದನಿಯ ಮೂಲ ಎಲ್ಲಿದೆ ಎಂದು ತೋರಿಸಲು ಅಷ್ಟು ಸಾಕಾಯಿತು. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಕೇಳಿದ ಮೇಲೆ ಮೂಲೆಯಲ್ಲಿದ್ದ ಬೀಟೆಯ ಕಡೆ ನನ್ನ ಗಮನ ಹೋಗಲಿಲ್ಲ.

ಎಂಟೂವರೆಗೆ ಪಕ್ಕದ ಮಿಲ್ಲು ಶುರುವಾಯಿತು. ನಾವು ಹಲಗೆಯ ಒಳಮೈಗೆ ಅಂಟಿಸುವ ಕಡ್ಡಿಗಳಿಗೆ ಬಂದೆವು. ಬೀಸಣಿಗೆಯ ಗರಿಗಳಂತೆ ಹರಡುವ ಏಳು ಕಡ್ಡಿಗಳು, ಟೊರೆಸ್ ರೂಢಿಗೆ ತಂದ ಕ್ರಮ. ಚರ್ಮ ಬೇಯಿಸಿ ತೆಗೆದ ಅಂಟನ್ನು ಬಿಸಿಯಾಗಿಯೇ ಹಚ್ಚಿ, ಆರುವ ಮೊದಲು ಒತ್ತಿ ಕೂರಿಸಬೇಕು.

ಈ ಕೆಲಸವನ್ನು ಮೇಷ್ಟ್ರು ಫೆಬ್ರವರಿ, ಮಾರ್ಚ್‌ನಲ್ಲೇ ಇಟ್ಟುಕೊಳ್ಳುತ್ತಾರೆ. ಮಳೆಗಾಲದ ತೇವಕ್ಕೆ ಹಲಗೆ ಅಡ್ಡಕ್ಕೆ ಹಿಗ್ಗಿರುತ್ತದೆ. ಆಗ ಕಡ್ಡಿ ಅಂಟಿಸಿದರೆ, ಬೇಸಿಗೆಯಲ್ಲಿ ಅದು ಕುಗ್ಗಲು ಹೊರಟಾಗ ಕಡ್ಡಿಗಳು ಬಿಡುವುದಿಲ್ಲ, ಹಲಗೆ ಎಳೆಗುಂಟ ಸೀಳುತ್ತದೆ. ಜುಲೈನಲ್ಲಿ ಯಾರಾದರೂ ಅವಸರದ ಆರ್ಡರ್ ತಂದರೆ ಅವರು ಒಪ್ಪುವುದೇ ಇಲ್ಲ.