ಶೇಂಗಾ ಇಲ್ಲದ ಮೂರು ವಾರ: ನಮ್ಮ ಅಡುಗೆಮನೆಯ ದಿನಚರಿ

ಡಿಸೆಂಬರ್ 7

ಮೈದುನನ ಫೋನು ಬಂತು. ಮೆಲ್ಬರ್ನ್‌ನಲ್ಲಿ ಅವನ ಪಕ್ಕದ ಮನೆಯವರು ನಮ್ಮ ಕಡೆ ಬರುತ್ತಿದ್ದಾರೆ. ಗಂಡ, ಹೆಂಡತಿ, ಎರಡು ಮಕ್ಕಳು. ಅಲ್ಲಿ ಆಗ ಬೇಸಿಗೆ ರಜೆ. ಕೊಪ್ಪಳದಲ್ಲಿ ಮೂರು ವಾರ ಇರುತ್ತಾರಂತೆ. ಮೈದುನ ಹೊಸದಾಗಿ ಆ ಊರಿಗೆ ಹೋದಾಗ ಕರೆದು ಊಟಕ್ಕೆ ಹಾಕಿದ ಮನೆ ಅದು. "ಲಾಡ್ಜಿನ ಮಾತು ಎತ್ತಬ್ಯಾಡ, ನಮ್ಮ ಮನ್ಯಾಗ ಇರ್ಲಿ" ಎಂದರು ಅತ್ತೆ.

ಫೋನ್ ಇಡುವ ಮುಂಚೆ ಅವನು ಹೇಳಿದ: "ವೈನಿ, ಸಣ್ಣ ಹುಡುಗಗ ಶೇಂಗಾ ಅಲರ್ಜಿ ಐತಿ. ಸುಮ್ನೆ ತುರಿಕೆ ಗಿರಿಕೆ ಅಲ್ಲ, ಜೀವಕ್ಕ ಬರೂದು."

ಅಡುಗೆಮನೆಗೆ ಹೋಗಿ ನಿಂತೆ. ನಮ್ಮ ಮನೆಯಲ್ಲಿ ಶೇಂಗಾ ಎಲ್ಲಿಲ್ಲ? ಡಬ್ಬಿಯಲ್ಲಿ ಚಟ್ನಿಪುಡಿ. ಕ್ಯಾನಿನಲ್ಲಿ ಗಾಣದ ಶೇಂಗಾ ಎಣ್ಣೆ. ಎಣ್ಣೆಗಾಯಿ ಮಸಾಲೆಗೆ ಶೇಂಗಾ, ಒಗ್ಗರಣೆಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ. ಮಿಕ್ಸಿ ಜಾರಿನ ರಬ್ಬರಿನ ಸಂದಿಯಲ್ಲೂ ಅದೇ ಪುಡಿ.

ಡಿಸೆಂಬರ್ 9

ಹುಡುಗನ ತಾಯಿ ಜೊತೆ ವಿಡಿಯೋ ಕಾಲ್. ಮೈದುನ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದ. ಹುಡುಗನಿಗೆ 7 ವರ್ಷ, ಅಕ್ಕನಿಗೆ 11. ಎರಡು ವರ್ಷದವನಿದ್ದಾಗ ಒಂದು ಬಿಸ್ಕತ್ತು ತಿಂದು ತುಟಿ ಊದಿ, ಉಸಿರಾಡಲು ಆಗದೆ ಆಸ್ಪತ್ರೆ ಸೇರಿದ್ದನಂತೆ.

ಒಂದು ನೋಟ್‌ಬುಕ್ ಇಟ್ಟು ಎಲ್ಲ ಬರೆದುಕೊಂಡೆ. ಶೇಂಗಾದ ಪುಡಿ ಇಷ್ಟು ಬಿದ್ದರೂ ಸಾಕು. ಹುರಿದರೆ ಹೋಗುತ್ತದೆ ಅನ್ನುವ ಹಾಗಿಲ್ಲ. ಶೇಂಗಾ ಮುಟ್ಟಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಸಾಲದು, ಸ್ಯಾನಿಟೈಸರ್ ಹಚ್ಚಿದರೂ ಸಾಲದು, ಸೋಪೇ ಬೇಕು. ಶೇಂಗಾ ಕಾಳಿನ ಜಾತಿಯದೇ ಆದರೂ ತೊಗರಿ, ಕಡಲೆ, ಹೆಸರು ಅವನಿಗೆ ಆಗುತ್ತವೆ. ಎಳ್ಳು, ಅಗಸಿ ನಡೆಯುತ್ತವೆ. ಗುರೆಳ್ಳು ಅವನು ತಿಂದೇ ಇಲ್ಲ. "ಹೊಸದು ಯಾವುದನ್ನೂ ಅಲ್ಲಿ ಪರೀಕ್ಷೆ ಮಾಡುವುದು ಬೇಡ" ಎಂದರು ಆಕೆ. ಸರಿ ಅನಿಸಿತು. ಗುರೆಳ್ಳು ಡಬ್ಬಿಯೂ ಅಟ್ಟಕ್ಕೆ.

ಆಮೇಲೆ ಎಪಿಪೆನ್ ತೋರಿಸಿದರು, ಅಲರ್ಜಿ ಜೋರಾದರೆ ತಕ್ಷಣ ಕೊಡುವ ಪೆನ್ನಿನಂಥ ಇಂಜೆಕ್ಷನ್. ಒಳಗೆ ಅಡ್ರಿನಲಿನ್ ಇರುತ್ತದೆ. ನೀಲಿ ಮುಚ್ಚಳ ತೆಗೆದು, ಕಿತ್ತಳೆ ಬಣ್ಣದ ತುದಿಯನ್ನು ತೊಡೆಯ ಹೊರಬದಿಗೆ ಒತ್ತಿ 3 ಸೆಕೆಂಡ್ ಹಿಡಿಯಬೇಕು. ಪ್ಯಾಂಟಿನ ಮೇಲೇ ಒತ್ತಬಹುದು. ಹುಡುಗನನ್ನು ಮಲಗಿಸಬೇಕು, ನಡೆಸಬಾರದು. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಪೆನ್ನನ್ನು ಫ್ರಿಜ್ಜಿನಲ್ಲಿ ಇಡಬಾರದು, ಬಿಸಿಲಿಗೂ ಇಡಬಾರದು. ಕೆಳಗೆ 108 ಎಂದು ದೊಡ್ಡದಾಗಿ ಬರೆದೆ.

ಡಿಸೆಂಬರ್ 14

ಅಡುಗೆಮನೆ ಖಾಲಿ ಮಾಡುವ ದಿನ. ಸ್ಟೀಲ್ ಪಾತ್ರೆ ಸೋಪು ಹಾಕಿ ತಿಕ್ಕಿದರೆ ಆಯಿತು. ಕಟ್ಟಿಗೆಯ ಸೌಟು, ಒಳಕಲ್ಲು ಹಾಗಲ್ಲ, ಅವುಗಳ ಸಂದಿಯಲ್ಲಿ ಏನಿದೆ ಎಂದು ಯಾರು ನೋಡಬೇಕು? ಒಳಕಲ್ಲಿನ ಮೇಲೆ ಒಂದು ಬಟ್ಟೆ ಹೊದಿಸಿ ಕಟ್ಟಿಬಿಟ್ಟೆ. ಶೇಂಗಾ ಹುರಿಯುವ ಕಬ್ಬಿಣದ ಬಾಣಲೆಯೂ ಅಟ್ಟ ಸೇರಿತು. ಹೊಸ ಮಿಕ್ಸಿ ಜಾರು ಒಂದು ತಂದು, ಹಿಡಿಗೆ ಕೆಂಪು ದಾರ ಕಟ್ಟಿದೆ. ಅತ್ತೆಗೆ ಓದಲು ಬರುವುದಿಲ್ಲ. ಚೀಟಿಗಿಂತ ದಾರವೇ ವಾಸಿ. ಕೆಂಪು ದಾರ ಇದ್ದದ್ದೆಲ್ಲ ಹುಡುಗನದು.

ಡಿಸೆಂಬರ್ 20

ಸಂತೆ ಕೆಲಸ ಅಂದುಕೊಂಡಷ್ಟು ಸುಲಭ ಇರಲಿಲ್ಲ. ಶೇಂಗಾ ಎಣ್ಣೆ ಬದಲು ಕುಸುಬಿ ಎಣ್ಣೆ ತರೋಣ ಎಂದು ಗಾಣಕ್ಕೆ ಹೋದೆ. ಅದೇ ಗಾಣದಲ್ಲಿ ಬೆಳಿಗ್ಗೆ ಶೇಂಗಾ ಹಾಕಿದ್ದರು. ಗಾಣದ ಎಣ್ಣೆಯಲ್ಲಿ ಕಾಳಿನ ಸತ್ವ ಉಳಿದುಕೊಳ್ಳುತ್ತದೆ, ಅದೇ ಅದರ ರುಚಿ. ಹುಡುಗನಿಗೆ ತೊಂದರೆ ಮಾಡುವುದೂ ಅದೇ. ಕೊನೆಗೆ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ತಂದೆ.

ಎಣ್ಣೆಗಾಯಿಗೆ ಶೇಂಗಾ ಬದಲು ಪುಟಾಣಿ (ಹುರಿಗಡಲೆ) ಹಾಕೋಣ ಎಂದುಕೊಂಡಿದ್ದೆ. ಕಿರಾಣಿ ಅಂಗಡಿಯಲ್ಲಿ ನೋಡುತ್ತೇನೆ, ಪುಟಾಣಿ ಚೀಲ, ಶೇಂಗಾ ಚೀಲ ಪಕ್ಕಪಕ್ಕ, ಎರಡಕ್ಕೂ ಒಂದೇ ಬೋಗುಣಿ. ಅಂಗಡಿಯವರ ತಪ್ಪೇನಿಲ್ಲ, ನಾವೆಲ್ಲ ಹಾಗೇ ತಿಂದು ಬೆಳೆದವರು. ಕಡಲೆಬೇಳೆ ಪ್ಯಾಕೆಟ್ ತಂದು ಆರಿಸಿ, ತೊಳೆದು ಒಣಗಿಸಿ ಮನೆಯಲ್ಲೇ ಹುರಿದೆ. ಅದರ ಜೊತೆ ಕೊಬ್ಬರಿ, ಎಳ್ಳು. ಮುಳಗಾಯಿ ಎಣ್ಣೆಗಾಯಿ ಮಾಡಿ ನೋಡಿದೆವು. ನಮ್ಮನೆಯವರು ಎರಡು ರೊಟ್ಟಿ ಜಾಸ್ತಿ ತಿಂದರು.

ಡಿಸೆಂಬರ್ 28

ನಿನ್ನೆ ಸಂಜೆ ಬಂದರು. ಹುಡುಗಿ ಸಂಕೋಚದವಳು. ಹುಡುಗ ಬಂದವನೇ ಅಂಗಳದ ಎಮ್ಮೆಗರು ಮುಟ್ಟಿ ಬಂದ. ಆರೂವರೆಗೇ ಇಬ್ಬರಿಗೂ ಹಸಿವು. ಅವರ ಮನೆಯಲ್ಲಿ ರಾತ್ರಿ ಊಟ ಅಷ್ಟೊತ್ತಿಗೇ ಮುಗಿಯುತ್ತದಂತೆ. ನಮ್ಮಲ್ಲಿ ಒಂಬತ್ತು. ಇವತ್ತಿನಿಂದ ಮಕ್ಕಳಿಗೆ ಏಳಕ್ಕೆ ಊಟ.

ಬೆಳಿಗ್ಗೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಮಾಡೋಣ ಎಂದು ಹೊರಟೆ. ಶೇಂಗಾ ಹಾಕದೆ, ಮೆಣಸಿನಕಾಯಿ ಒಂದೇ ಒಂದು. ನೆನೆಸುವ ಮುಂಚೆ ಮಂಡಾಳು ಜರಡಿ ಹಿಡಿದೆ. ತಳದಲ್ಲಿ ಒಂದು ಚೂರು ಸಿಪ್ಪೆ. ಉಗುರಿನಷ್ಟೂ ಇಲ್ಲ. ತೆಳ್ಳಗೆ, ತಿಳಿಗೆಂಪು, ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಶೇಂಗಾ ಸಿಪ್ಪೆ. ಮಂಡಾಳು ಭಟ್ಟಿಯಲ್ಲಿ ಅದೇ ಉಸುಕಿನಲ್ಲಿ ಶೇಂಗಾನೂ ಹುರಿಯುತ್ತಾರೆ ಎನ್ನುವುದು ನನಗೆ ಸಣ್ಣವಳಿದ್ದಾಗಿನಿಂದ ಗೊತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಕೈ ನಡುಗಿತು. ಜರಡಿ ಸಮೇತ ಹೊರಗಿಟ್ಟು, ಕಟ್ಟೆ ಸೋಪಿನಲ್ಲಿ ಒರೆಸಿ, ಉಪ್ಪಿಟ್ಟು ಮಾಡಿದೆ. ತಾಯಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವ ವಿಷಯವಲ್ಲ ಇದು. ಆಕೆ ನನ್ನ ಕೈ ಹಿಡಿದು, ಮೊದಮೊದಲು ತನಗೂ ಹೀಗೇ ಆಗುತ್ತಿತ್ತು ಎಂದರು.

ಜನವರಿ 2

ಖಾರದ ಲೆಕ್ಕ ಈಗ ಹತ್ತಿದೆ. ಸಾರಿಗೆ ಖಾರ ಹಾಕುವ ಮುಂಚೆ ಬೇಳೆಯ ಕಟ್ಟು ಎರಡು ಸೌಟು ತೆಗೆದಿಡುವುದು, ಅದಕ್ಕೆ ತುಪ್ಪ, ಜೀರಿಗೆ ಅಷ್ಟೇ. ಹುಡುಗಿ ಅನ್ನ, ಬೇಳೆ ಕಲಸುವುದಿಲ್ಲ. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಬಡಿಸಿದರೆ ಎಲ್ಲ ತಿನ್ನುತ್ತಾಳೆ. ಮೊದಲು ಅತ್ತೆ ತಾವೇ ಕಲಸಿ ಕೊಡಲು ಹೋಗುತ್ತಿದ್ದರು. ಈಗ ಮೂರು ಬಟ್ಟಲು ಇಡುತ್ತಾರೆ.

ದೊಡ್ಡ ಕಷ್ಟ ಬೇರೆಯೇ. "ಸಾಕು" ಎಂದವರಿಗೆ ಇನ್ನೊಂದು ರೊಟ್ಟಿ ಹಾಕುವುದು ನಮ್ಮ ಕಡೆ ಪ್ರೀತಿ. ಆ ಹುಡುಗನಿಗೆ ಮಾತ್ರ, ಬೇಡ ಅಂದದ್ದನ್ನು ಯಾರೂ ಒತ್ತಾಯ ಮಾಡಬಾರದು ಎಂದು ಕಲಿಸಿದ್ದಾರೆ. ಬಾಯಲ್ಲಿ ತುರಿಕೆ ಶುರುವಾದದ್ದು ಮೊದಲು ಗೊತ್ತಾಗುವುದು ಅವನಿಗೇ ಅಲ್ವಾ? ಹಾಗಾಗಿ ಅವನ "ಬೇಡ" ನಿಲ್ಲಬೇಕು. ಇದನ್ನು ಅತ್ತೆಗೆ ಹೇಳಿದೆ. ಎರಡು ದಿನ ಅವರ ಕೈ ತನ್ನಷ್ಟಕ್ಕೆ ರೊಟ್ಟಿ ಬುಟ್ಟಿಗೆ ಹೋಗಿ ವಾಪಸ್ ಬರುತ್ತಿತ್ತು. ಇವತ್ತು ಅವರೇ ಕೇಳಿದರು: "ಬೇಕೇನಪಾ?" ಅವನು ತಲೆ ಅಲ್ಲಾಡಿಸಿದ. ಬಿಟ್ಟರು.

ಇನ್ನೊಂದು. ಅವರು ವೆಜಿಮೈಟ್ ಬಾಟಲಿ ತಂದಿದ್ದಾರೆ. ಮೆಲ್ಬರ್ನ್‌ನಲ್ಲಿ 1923ರಿಂದ ಮಾಡುತ್ತಿರುವ ತಿನಿಸು, ಕಪ್ಪಗೆ, ತುಂಬಾ ಉಪ್ಪು. ಬ್ರೆಡ್ಡಿಗೆ ಬೆಣ್ಣೆ ಜೊತೆ ತೆಳ್ಳಗೆ ಸವರುತ್ತಾರೆ. ಹುಡುಗ ಅದನ್ನು ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ ಹಚ್ಚಿಕೊಂಡ. ನಾನೂ ತಿಂದೆ. ನನಗೆ ಹಿಡಿಸಿತು.

ಜನವರಿ 6

ತಂದೆ ತಾಯಿ ಎರಡು ದಿನ ಹಂಪಿಗೆ. ಮಕ್ಕಳು ನಮ್ಮ ಬಳಿ. ನಮ್ಮನೆಯವರು ಮೊದಲೇ ಹತ್ತಿರದ ಆಸ್ಪತ್ರೆಗೆ ಹೋಗಿ ವಿಷಯ ಹೇಳಿ ಬಂದಿದ್ದರು. ಪೆನ್ನುಗಳ ಚೀಲ ನನ್ನ ಸೊಂಟಕ್ಕೆ. ರಾತ್ರಿ ಮೂರು ಸಲ ಎದ್ದು ಅವನ ಉಸಿರು ಕೇಳಿದೆ. ಎರಡು ದಿನ ಹೊಸ ಅಡುಗೆ ಯಾವುದೂ ಮಾಡಲಿಲ್ಲ. ಅನ್ನ, ಬೇಳೆ, ಮೊಸರು, ಬಾಳೆಹಣ್ಣು, ರೊಟ್ಟಿ, ತುಪ್ಪ, ಅಗಸಿ ಚಟ್ನಿ. ಅಗಸಿ ಚಟ್ನಿಗೆ ಖಾರ ಕಡಿಮೆ ಮಾಡಿ ಬೆಲ್ಲ ಸೇರಿಸಿದ್ದೆ. ಡಬ್ಬಿ ಅರ್ಧ ಖಾಲಿ.

ಓಣಿಯಲ್ಲಿ ಗವಿಮಠದ ಜಾತ್ರೆಗೆ ರೊಟ್ಟಿ ಬಡಿಯುತ್ತಿದ್ದಾರೆ. ಮಹಾದಾಸೋಹಕ್ಕೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತವೆ. ಸಪ್ಪಳ ಕೇಳಿ ಮಕ್ಕಳು ಓಡಿದರು. ಅಲ್ಲಿಯೂ ಶೇಂಗಾ ಭಯ. ಅದಕ್ಕೇ ಮನೆಯಲ್ಲೇ ಪರಾತ ಹಾಕಿ ಕೂತೆವು. ನೀರು ಕುದಿಯಬೇಕು, ಇಲ್ಲದಿದ್ದರೆ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ, ಅಂಚು ಸೀಳುತ್ತದೆ. ಅತ್ತೆ ಹುಡುಗನ ಅಂಗೈ ಮೇಲೆ ತಮ್ಮ ಅಂಗೈ ಇಟ್ಟು ತಟ್ಟಿಸಿದರು. ಪುರಿಯಷ್ಟು ದೊಡ್ಡ ರೊಟ್ಟಿ ಆಯಿತು. ಅದನ್ನು ಅವನೇ ತಿಂದ, ಯಾರಿಗೂ ಕೊಡಲಿಲ್ಲ.

ಜನವರಿ 10

ಇಟಗಿಗೆ ಹೋದೆವು. ಬುತ್ತಿ ಮೊಸರನ್ನ, ಚಪಾತಿ, ಬೆಲ್ಲ ತುಪ್ಪ. ಮಹಾದೇವ ಗುಡಿ 1112ರದು ಎಂದಾಗ ಹುಡುಗಿ ಬೆರಳಲ್ಲಿ ಲೆಕ್ಕ ಹಾಕಿ, 900 ವರ್ಷ ದಾಟಿದೆ ಎಂದಳು. ಆ ದಿನ ಮೊದಲ ಸಲ ಮೊಸರು, ಅನ್ನ ಒಂದಕ್ಕೊಂದು ತಾಗಿದ್ದರೂ ತಿಂದಳು.

ಸಂಕ್ರಾಂತಿ

ನಮ್ಮ ಬುತ್ತಿಯಲ್ಲಿ ಈ ವರ್ಷ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ, ಶೇಂಗಾ ಹೋಳಿಗೆ ಬದಲು ಎಳ್ಳು ಹೋಳಿಗೆ. ಅದೆಲ್ಲ ಸರಿಯಾಗಿತ್ತು. ನಾನು ಒಳಗೆ ಡಬ್ಬಿ ಕಟ್ಟುತ್ತಿದ್ದೆ. ಎದುರುಮನೆ ಅಜ್ಜಿ ಬಂದು ಅಂಗಳದಲ್ಲಿದ್ದ ಹುಡುಗನ ಮುಂದೆ ಎಳ್ಳುಬೆಲ್ಲದ ತಟ್ಟೆ ಹಿಡಿದಿದ್ದಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಪುಟಾಣಿ, ಹುರಿದ ಶೇಂಗಾ.

ನಾನು ಹೊರಗೆ ಬರುವಷ್ಟರಲ್ಲಿ ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅತ್ತೆ ಕಲಿಸಿದ ಮಾತು, ಒಂದೊಂದೇ ಶಬ್ದ ಹೇಳಿದ: "ಅಜ್ಜಿ, ನನಗ ಶೇಂಗಾ ಆಗಂಗಿಲ್ಲ."

ಅಜ್ಜಿ ತಟ್ಟೆ ಹಿಂದೆ ತೆಗೆದುಕೊಂಡರು. ಹಬ್ಬದ ದಿನ ಮಗು ಬೇಡ ಅಂದಿತಲ್ಲ ಎಂದು ಮುಖ ಸಣ್ಣದಾಯಿತು. ನಾನು ಎಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತಿಗೆ ಸೋಪು ಹಚ್ಚಿ ಕೈ ತೊಳೆದುಕೊಂಡು, ಒಂದು ಇಡೀ ಕಬ್ಬು ತಂದು ಅವನ ಕೈಗೆ ಕೊಟ್ಟರು. ಅವನಿಗಿಂತ ಉದ್ದ ಇತ್ತು. ತುಂಗಭದ್ರೆಯ ದಂಡೆಯವರೆಗೂ ಅದನ್ನು ಯಾರ ಕೈಗೂ ಕೊಡಲಿಲ್ಲ.

ಜನವರಿ 17

ಹೊರಟರು. ಎರಡೂ ಪೆನ್ನು ಬಳಸದೆ ವಾಪಸ್ ಹೋದವು. ಅತ್ತೆ ಅಗಸಿ ಚಟ್ನಿ ಕಟ್ಟಿಕೊಡಲು ಹೋದರು. ಆ ದೇಶದಲ್ಲಿ ಬೀಜ, ಕಾಳಿನ ತಿನಿಸು ತೋರಿಸಿಯೇ ಒಳಗೆ ಒಯ್ಯಬೇಕು, ತೊಂದರೆ ಬೇಡ ಎಂದು ಕೈಬಿಟ್ಟೆವು. ಚಟ್ನಿ ಮಾಡುವ ರೀತಿ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಫೆಬ್ರವರಿ 3

ಶೇಂಗಾ ಡಬ್ಬಿ ಅಟ್ಟದಿಂದ ಇಳಿದಿದೆ. ಕೆಂಪು ದಾರದ ಜಾರು ಇಳಿದಿಲ್ಲ, ಮುಂದಿನ ಸಲಕ್ಕೆ ಬೇಕು.

ಇವತ್ತು ಮೈದುನ ಫೋಟೋ ಕಳಿಸಿದ. ಹುಡುಗ ಅಲ್ಲಿಯ ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಿದ್ದಾನೆ. ಸುತ್ತಲೂ ಅಂಚು ಸೀಳಿದೆ. ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನೀರು ಕುದ್ದಿಲ್ಲ" ಎಂದರು. "ಫೋನ್ ಹಚ್ಚು, ಹೇಳ್ತೀನಿ."