ಫಸ್ಟ್ ಬಂದ್ರೆ ಏನ್ ಕೊಡ್ತಾರೆ?

ಏನೂ ಕೊಡಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡುತ್ತೇನೆ.

ನಾವು ಮೈಸೂರಿನ ಹದಿನೈದು ಇಪ್ಪತ್ತು ಜನ ವಾರದ ಕೊನೆ ಬಂತೆಂದರೆ ಸೈಕಲ್ ಹತ್ತಿ ಹೊರಡುತ್ತೇವೆ. ಪುರುಸೊತ್ತಿಲ್ಲದಿದ್ದರೆ ಚಾಮುಂಡಿ ಬೆಟ್ಟ. ಎರಡು ದಿನ ಸಿಕ್ಕರೆ ಮಡಿಕೇರಿ. ಶನಿವಾರ ಹೋಗಲು ಸುಮಾರು 120 ಕಿಲೋಮೀಟರ್, ಭಾನುವಾರ ಬರಲು ಅಷ್ಟೇ. ಬೆಳಿಗ್ಗೆ ಐದಕ್ಕೆ ಹಾಲಿನ ಅಂಗಡಿಯವರು ಕೇಳುತ್ತಾರೆ. ಹುಣಸೂರಿನಲ್ಲಿ ದೋಸೆ ಹಾಕುವವರು ಕೇಳುತ್ತಾರೆ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. "ಫಸ್ಟ್ ಬಂದ್ರೆ ಏನ್ ಕೊಡ್ತಾರೆ?"

"ಅಷ್ಟು ದೂರ ಆಗುತ್ತಾ?" ಅಂದರೆ ನನಗೆ ಬೇಜಾರಿಲ್ಲ. "ಸೈಕಲ್‌ಗೆ ಎಷ್ಟಾಯ್ತು?" ಅಂದರೂ ಹೇಳುತ್ತೇನೆ. ಈ ಒಂದು ಪ್ರಶ್ನೆ ಮಾತ್ರ ಚುಚ್ಚುತ್ತದೆ. ಕೇಳುವವರು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಹತ್ತು ಜನ ಒಂದೇ ದಾರಿಯಲ್ಲಿ ಹೊರಟರೆ ಅದು ಪಂದ್ಯವೇ. ಬೆವರು ಸುರಿಸಿದ ಮೇಲೆ ಕೈಗೆ ಏನಾದರೂ ಬರಲೇಬೇಕು. ಬರದಿದ್ದರೆ ಇವರಿಗೆ ಮಾಡಲು ಬೇರೆ ಕೆಲಸ ಇಲ್ಲ.

ಕಳೆದ ವರ್ಷ ಗೃಹಪ್ರವೇಶವೊಂದರಲ್ಲಿ ಚಿಕ್ಕಪ್ಪ ಎಲ್ಲರೆದುರೇ ಕೇಳಿದರು. "ಏನೂ ಇಲ್ಲ ಚಿಕ್ಕಪ್ಪ" ಅಂದೆ. "ಏನೂ ಕೊಡಲ್ಲ ಅಂದ್ಮೇಲೆ ಯಾಕೆ ಹೋಗ್ತೀಯೋ?" ಅಂದರು. ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ. ಎದ್ದು ಕೈ ತೊಳೆಯಲು ಹೋದೆ.

ಆದರೆ ಚಿಕ್ಕಪ್ಪ ಕೇಳಿದ್ದಕ್ಕೆ ಕಾರಣ ಇದೆ. ಅವರು ಹದಿನೆಂಟು ವರ್ಷ ಕ್ಯಾರಿಯರ್‌ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ಡೈರಿಗೆ ಸೈಕಲ್ ತುಳಿದವರು. ಮಳೆ ಬಂದರೆ ಮಣ್ಣಿನ ರಸ್ತೆಯಲ್ಲಿ ತಳ್ಳಿಕೊಂಡು ಹೋದವರು. ಅವರ ಪಾಲಿಗೆ ಸೈಕಲ್ ಅಂದರೆ ದುಡಿಮೆ. ಸುಮ್ನೆ ಯಾರಾದರೂ 240 ಕಿಲೋಮೀಟರ್ ತುಳಿಯುತ್ತಾರೆ ಅಂದರೆ ಅವರು ನಂಬುವುದಾದರೂ ಹೇಗೆ? ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾರಿನಿಂದ ತಲೆ ಹೊರಗೆ ಹಾಕಿ ಇದನ್ನೇ ಕೂಗಿ ಕೇಳಿ ಹೋಗುವವರ ಮೇಲೆ ಇದೆ.

ಲೆಕ್ಕ ಬೇಕೇ ಬೇಕು ಅನ್ನುವವರಿಗೆ ಲೆಕ್ಕವನ್ನೂ ಕೊಡುತ್ತೇನೆ. ನಮ್ಮಲ್ಲಿ ಕೆಲವರು ಬಿಆರ್‌ಎಂ ಅನ್ನುವ ದೂರದ ರೈಡ್‌ಗಳಿಗೂ ಹೋಗುತ್ತಾರೆ. ಅದರ ನಿಯಮ ಫ್ರಾನ್ಸಿನಿಂದ ಬಂದದ್ದು. 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಮುಗಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ಕಂಟ್ರೋಲ್ ಇರುತ್ತದೆ, ಅಲ್ಲಿ ಕಾರ್ಡಿಗೆ ಗುರುತು ಹಾಕಿಸಿಕೊಳ್ಳಬೇಕು. ಎಂಟು ಗಂಟೆಯಲ್ಲಿ ಮುಗಿಸಿದವರೂ ಹದಿಮೂರು ಗಂಟೆಯಲ್ಲಿ ಮುಗಿಸಿದವರೂ ಒಂದೇ. ಫಸ್ಟ್ ಇಲ್ಲ, ಸೆಕೆಂಡ್ ಇಲ್ಲ. ಕಂಟ್ರೋಲ್ ತೆರೆಯುವ ಹೊತ್ತಿಗಿಂತ ಮುಂಚೆ ಬಂದರೆ ಅಲ್ಲೇ ಕಾಯಬೇಕು. ಮೆಡಲ್ ಇದೆ. ಅದು ಬೇಕಾದರೆ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ಈ ರೈಡ್‌ಗಳಿಗೆಲ್ಲ ದೊಡ್ಡಣ್ಣ ಅಂದರೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದಾಗ ಅದು ರೇಸೇ ಆಗಿತ್ತು. ಈಗ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಸುಮಾರು 1200 ಕಿಲೋಮೀಟರ್, 90 ಗಂಟೆ. 2023ರಲ್ಲಿ ಭಾರತದಿಂದಲೂ ನೂರಾರು ಜನ ಹೋಗಿದ್ದರು. ಅಲ್ಲೂ ಫಸ್ಟ್ ಬಂದವರಿಗೆ ಏನೂ ಕೊಡಲ್ಲ.

ಇಷ್ಟು ವರ್ಷದಲ್ಲಿ "ಕೊನೇಲಿ ಯಾರಿದ್ರು?" ಅಂತ ಒಬ್ಬರಾದರೂ ಕೇಳಲಿಲ್ಲ ನೋಡಿ. ಕೇಳಿದ್ದರೆ ಕೂರಿಸಿಕೊಂಡು, ಟೀ ಕೊಡಿಸಿ ಹೇಳುತ್ತಿದ್ದೆ.

ನಮ್ಮಲ್ಲಿ ಪ್ರತಿ ರೈಡ್‌ಗೂ ಒಬ್ಬರು ಸ್ವೀಪ್ ಇರುತ್ತಾರೆ. ಎಲ್ಲರಿಗಿಂತ ಹಿಂದೆ ಬರುವುದೇ ಅವರ ಕೆಲಸ. ಚೆನ್ನಾಗಿ ತುಳಿಯುವವರನ್ನೇ ಅದಕ್ಕೆ ಹಾಕುತ್ತೇವೆ. ಸ್ವೀಪ್ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಹೋದ ಜನವರಿಯಲ್ಲಿ ಮಡಿಕೇರಿಗೆ ಹೋದಾಗ ಆ ಕೆಲಸ ನನ್ನದಿತ್ತು. ನನ್ನ ಮುಂದೆ ಒಬ್ಬ ಮೇಡಂ ಇದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಮೊದಲ ದೂರದ ರೈಡ್.

ಕುಶಾಲನಗರದವರೆಗೆ ಆರಾಮಾಗಿ ಬಂದರು. ಕಾವೇರಿ ಸೇತುವೆ ದಾಟಿದರೆ ಕೊಡಗು. ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಅಷ್ಟರಲ್ಲಿ 300 ಮೀಟರ್‌ಗೂ ಜಾಸ್ತಿ ಏರಬೇಕು. ಕಾರಿನಲ್ಲಿ ಹೋದವರಿಗೆ ಅದು ಗೊತ್ತೇ ಆಗಲ್ಲ. ಸುಂಟಿಕೊಪ್ಪ ದಾಟಿದ ಮೇಲೆ ನಮ್ಮ ವೇಗ ಗಂಟೆಗೆ ಏಳು ಕಿಲೋಮೀಟರ್‌ಗೆ ಇಳಿಯಿತು. ಆ ವೇಗದಲ್ಲಿ ಎಲ್ಲವೂ ಕಾಣುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಎಷ್ಟು ಗೊಂಚಲಿದೆ ಅಂತ ಎಣಿಸಬಹುದು. ಕಣದಲ್ಲಿ ಒಣಹಾಕಿದ ಕಾಫಿ ಹಣ್ಣಿನ ಹುಳಿ ವಾಸನೆ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೂ ಜೊತೆಗೇ ಬರುತ್ತದೆ.

ಒಂದು ಏರಿನ ಮಧ್ಯೆ ಮೇಡಂ ಜೋರಾಗಿ ತುಳಿಯುತ್ತಲೇ ಗೇರ್ ಬದಲಿಸಿದರು. ಕಟಕಟ ಅಂತ ಸದ್ದಾಯಿತು. ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರವನ್ನೂ ದಾಟಿ ಸ್ಪೋಕ್ಸ್ ಮಧ್ಯೆ ಸಿಕ್ಕಿಕೊಂಡಿತ್ತು. ಇಬ್ಬರೂ ಇಳಿದೆವು. ಅವರು ಸೈಕಲ್ ಎತ್ತಿ ಹಿಡಿದರು. ನಾನು ಒಂದು ಕಾಫಿ ಕಡ್ಡಿ ಮುರಿದು ಚೈನಿನ ಒಂದೊಂದೇ ಕೊಂಡಿಯನ್ನು ಮೇಲಕ್ಕೆ ಎತ್ತಿದೆ. ಹತ್ತು ನಿಮಿಷ ಹಿಡಿಯಿತು. ತಲೆ ಎತ್ತಿ ನೋಡಿದರೆ ಮೇಡಂ ಅಳುತ್ತಿದ್ದರು.

"ನೀವು ಹೋಗಿಬಿಡಿ ಸರ್. ನನ್ನಿಂದ ಎಲ್ಲರಿಗೂ ಲೇಟ್ ಆಗ್ತಿದೆ. ನಾನು ಬಸ್ ಹತ್ತಿ ಬರ್ತೀನಿ."

ಅದು ಸುಸ್ತಿನ ಅಳು ಅಂತ ನನಗೆ ಗೊತ್ತಿತ್ತು. ಹೊಟ್ಟೆ ಖಾಲಿಯಾದಾಗ ಮೊದಲು ಹೋಗುವುದು ಧೈರ್ಯ. ಬ್ಯಾಗಿನಿಂದ ಕಡ್ಲೆಬೀಜದ ಚಿಕ್ಕಿ ತೆಗೆದುಕೊಟ್ಟೆ. ಉಪ್ಪು, ನಿಂಬೆಹಣ್ಣು ಹಿಂಡಿದ ನೀರು ಕೊಟ್ಟೆ. ಬೇರೆ ಏನೂ ಹೇಳಲಿಲ್ಲ. ರಸ್ತೆ ಬದಿಯ ಹಳದಿ ಕಲ್ಲಿನ ಮೇಲೆ ಮಡಿಕೇರಿ 9 ಅಂತ ಇತ್ತು. ಅವರು ಅದನ್ನೇ ನೋಡುತ್ತಾ ಚಿಕ್ಕಿ ತಿಂದರು. ಆಮೇಲೆ, "ಒಂಬತ್ತೇ ಅಲ್ವಾ?" ಅಂದರು. ಹೆಲ್ಮೆಟ್ ಹಾಕಿಕೊಂಡರು.

ನಾವು ಮಡಿಕೇರಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೊದಲು ಬಂದವರು ಒಂದೂವರೆಗೇ ಬಂದಿದ್ದರು. ನೀವು ಊಟ ಮಾಡಿಬಿಡಿ ಅಂತ ನಾನು ದಾರಿಯಿಂದಲೇ ಫೋನ್ ಮಾಡಿದ್ದೆ. ಹೋಟೆಲ್ ಒಳಗೆ ಹೋದರೆ ಉದ್ದಕ್ಕೆ ಜೋಡಿಸಿದ ಟೇಬಲ್ಲು, ಹದಿನಾಲ್ಕು ಜನ, ಎಲ್ಲರ ಮುಂದೆ ನೀರಿನ ಲೋಟ ಬಿಟ್ಟರೆ ಬೇರೇನಿಲ್ಲ. ನಡುವೆ ಎರಡು ಕುರ್ಚಿ ಖಾಲಿ. ಮೇಡಂ ಕೂತ ಮೇಲೆ ಒಬ್ಬರು ಒಳಗೆ ತಿರುಗಿ, "ಅಣ್ಣಾ, ಈಗ ಹಾಕಿ" ಅಂದರು.

ಭಾನುವಾರ ವಾಪಸ್ ಇಳಿಯುವಾಗ ಮೇಡಂ ನಮ್ಮನ್ನೆಲ್ಲ ಹಿಂದೆ ಹಾಕಿ ಹೋದರು. ಸುಂಟಿಕೊಪ್ಪ ಬಿಟ್ಟು ಸ್ವಲ್ಪ ದೂರಕ್ಕೆ ನನ್ನ ಹಿಂದಿನ ಟ್ಯೂಬ್ ಪಂಕ್ಚರ್ ಆಯಿತು. ಬದಲಿಸಿ, ಗಾಳಿ ಹೊಡೆದು, ಸೇತುವೆ ಹತ್ತಿರ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಎಳನೀರು ಗಾಡಿ ಪಕ್ಕದ ಕಲ್ಲಿನ ಮೇಲೆ ಅವರೊಬ್ಬರೇ ಕೂತಿದ್ದರು. ಕಾಲ ಹತ್ತಿರ ಎರಡು ಎಳನೀರು, ಎರಡನ್ನೂ ಇನ್ನೂ ಕೆತ್ತಿಸಿರಲಿಲ್ಲ.