ಎಲ್ಲ ತಪ್ಪೂ ಯಾಕೆ ತಿದ್ದುವುದಿಲ್ಲ ಅಂತ ಕೇಳುವವರಿಗೆ

"ಸರ, ಹುಡುಗ ಬಾಯಿ ತೆಗದ್ರ ಬರೇ ತಪ್ಪು ಬರ್ತಾವ, ನೀವು ತಿದ್ದೂದೇ ಇಲ್ಲಂತಲ್ರಿ?" ವಿಜಯಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವವರಿಗೆ ಪಾಲಕರಿಂದ ತಪ್ಪದೆ ಬರುವ ಪ್ರಶ್ನೆ ಇದು. ತಿದ್ದುತ್ತೇವೆ. ಎಲ್ಲವನ್ನೂ ತಿದ್ದುವುದಿಲ್ಲ, ಮಾತಿನ ನಡುವೆ ತಿದ್ದುವುದಿಲ್ಲ. ಇದನ್ನು ಬಾಗಿಲಲ್ಲಿ ನಿಂತು ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಪ್ರಶ್ನೆ ಕೇಳಬೇಡಿ. "ಇವಂಗ ಏನೂ ಬರಂಗಿಲ್ರಿ" ಅಂತ ಅವನೆದುರೇ ಅಂದರೆ ಮರುದಿನ ಕ್ಲಾಸಿನಲ್ಲಿ ಅವನು ಬಾಯಿ ಬಿಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸಿಗೆ ಬಂದವನಿಗೆ ಗ್ರಾಮರಿಗಿಂತ ದೊಡ್ಡ ಚಿಂತೆ, ಮಂದಿ ನಗುತ್ತಾರೆ ಅನ್ನುವುದು.

ಈಗ ಕೆಲಸದ ಮಾತು. ಹುಡುಗಿಯೊಬ್ಬಳು ಎರಡು ನಿಮಿಷ ಗೋಳಗುಮ್ಮಟದ ಬಗ್ಗೆ ಮಾತಾಡುತ್ತಾಳೆ ಅನ್ನಿ. ನಾವು ಸುಮ್ಮನೆ ಕೇಳುತ್ತ ಹಾಳೆಯಲ್ಲಿ ಎರಡು ಕಾಲಂ ಮಾಡಿಕೊಳ್ಳಬೇಕು. ಎಡಕ್ಕೆ ಚೆನ್ನಾಗಿ ಬಂದ ವಾಕ್ಯ, ಬಲಕ್ಕೆ ತಪ್ಪಿದ್ದು, ಎರಡೂ ಆಕೆ ಹೇಳಿದ ಹಾಗೇ. ಮುಗಿದ ಮೇಲೆ ಎಡಗಡೆಯದನ್ನು ಮೊದಲು ಓದಬೇಕು. ಬರೀ 'ವೆರಿ ಗುಡ್' ಅಂದರೆ ಯಾವುದು ಗುಡ್ ಅಂತ ಆಕೆಗೆ ತಿಳಿಯುವುದಿಲ್ಲ. "ಬಿಕಾಸ್ ಹಾಕಿ ಎರಡು ವಾಕ್ಯ ಕೂಡಿಸಿದಿ, ಚೊಲೊ ಆತು" ಅಂದರೆ ನಾಳೆ ಮತ್ತೆ ಬಿಕಾಸ್ ಹಾಕುತ್ತಾಳೆ. ಆಮೇಲೆ ಬಲಗಡೆಯಿಂದ ಎರಡು ತಪ್ಪು. ಹತ್ತಿದ್ದರೂ ಎರಡೇ.

ಯಾವ ಎರಡು? ಅರ್ಥ ಕೆಡಿಸುವಂಥವು. 15 ಕಿಲೊ ಒಣದ್ರಾಕ್ಷಿ ಕೊಡುವವನು ಫೋನಿನಲ್ಲಿ 'ಫಿಫ್ಟಿ' ಅಂದರೆ ವ್ಯಾಪಾರವೇ ಕೆಟ್ಟಿತು. ಫಿಫ್ಟೀನ್‌ನಲ್ಲಿ ಒತ್ತು ಕೊನೆಗೆ, ಫಿಫ್ಟಿಯಲ್ಲಿ ಮೊದಲಿಗೆ. ಇಂಥದ್ದಕ್ಕೆ ಮಾತ್ರ ನಡುವೆ ಬಾಯಿ ಹಾಕಬಹುದು. 'ಶೀ ಗೋಸ್' ಬದಲು 'ಶೀ ಗೋ' ಅಂದರೆ ಅದು ಕಾಯಲಿ. ಆ 'ಎಸ್' ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ತಡವಾಗಿಯೇ ಬರುತ್ತದೆ.

ತಿದ್ದುವ ರೀತಿಯಲ್ಲೂ ಎಡವುವ ಜಾಗ ಇದೆ. "ಐ ಡಿಡ್ ನಾಟ್ ವೆಂಟ್" ಅಂದಳು. ಕಲಿಸುವ ನಾವು ನಯವಾಗಿ "ಓ, ಯು ಡಿಡ್ ನಾಟ್ ಗೋ?" ಅಂದೆವು. "ಯೆಸ್ ಸರ್" ಅಂದು ಮುಂದೆ ಹೋದಳು. ತಿದ್ದಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಇದೆ: ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ವಿಧಾನ, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ. ಅದರ ಬದಲು "ಐ ಡಿಡ್ ನಾಟ್..." ಅಂತ ಅರ್ಧಕ್ಕೆ ನಿಲ್ಲಿಸಿ ಮೂರು ಸೆಕೆಂಡ್ ಕಾಯಬೇಕು. ಬಹಳ ಸಲ ಆಕೆಯೇ ಹೇಳುತ್ತಾಳೆ. ಪೂರ್ತಿ ವಾಕ್ಯ ಮತ್ತೊಮ್ಮೆ ಹೇಳಿಸಿ, ಬೇರೆ ಕ್ರಿಯಾಪದ ಹಾಕಿ ಇನ್ನೊಮ್ಮೆ: ಡಿಡ್ ನಾಟ್ ಈಟ್, ಡಿಡ್ ನಾಟ್ ಸೀ.

ತಪ್ಪು ಎಷ್ಟು ದಿನದಾಗ ಹೋಗ್ತಾವ ಅಂತ ಎಲ್ಲರೂ ಕೇಳುತ್ತೀರಿ. ಎಲ್ಲಿಂದ ಬರ್ತಾವ ಅಂತ ಒಬ್ಬರಾದರೂ ಕೇಳಬಾರದೇ? 'ಡಿಡ್ ನಾಟ್ ವೆಂಟ್' ಅನ್ನುವವಳು ದಡ್ಡಿಯಲ್ಲ. ನಿನ್ನೆಯ ಮಾತಿಗೆ ಭೂತಕಾಲ ಬೇಕು ಅಂತ ಕಲಿತು ಎರಡು ಕಡೆ ಹಾಕಿದ್ದಾಳೆ. ಹಲಗೆಯ ಮೇಲೆ ಕನ್ನಡವನ್ನೇ ಬರೆಯಬೇಕು: ಹೋದೆ, ಹೋಗಲಿಲ್ಲ. ಬಂದೆ, ಬರಲಿಲ್ಲ. ತಿಂದೆ, ತಿನ್ನಲಿಲ್ಲ. 'ಇಲ್ಲ' ಬಂದ ಕೂಡಲೇ 'ಹೋದ' ಹೋಗಿ 'ಹೋಗು' ಬಂತಲ್ಲ, ವೆಂಟ್ ಹೋಗಿ ಗೋ ಬರುವುದೂ ಹಾಗೇ. ಐದು ನಿಮಿಷದ ಪಾಠ, ಅದೂ ಆಕೆಗೆ ಹುಟ್ಟಿನಿಂದ ಬರುವ ಭಾಷೆಯಲ್ಲಿ.

'ಇಸ್ಕೂಲ್' ಕೂಡ ಹಾಗೇ. ಪದದ ಮೊದಲಿಗೇ 'ಸ್ಕ' ಬಂದರೆ ನಮ್ಮ ನಾಲಿಗೆ ಅದಕ್ಕಿಂತ ಮೊದಲು ಒಂದು 'ಇ' ಹಿಡಿಯುತ್ತದೆ. ಬೈದರೆ ಹೋಗುವುದಿಲ್ಲ. 'ದಿಸ್ ಸ್ಕೂಲ್' ಅಂತ ನಡುವಿನ 'ಸ್' ಎಳೆದು ಹೇಳಿಸಿ, ನಂತರ 'ದಿ' ಬಿಡಿಸಬೇಕು.

ಪಾಲಕರೇ, ಮನೆಯಲ್ಲಿ ನೀವು ತಿದ್ದಲು ಹೋಗಬೇಡಿ. ರಾತ್ರಿ ಊಟಕ್ಕೆ ಕೂತಾಗ ಇವತ್ತು ಏನಾಯಿತು ಅಂತ ಇಂಗ್ಲಿಷಿನಲ್ಲಿ ಹೇಳಿಸಿ. ನಿಮಗೆ ಇಂಗ್ಲಿಷ್ ಬರಲಿ, ಅಷ್ಟಕ್ಕಷ್ಟೇ ಇರಲಿ, ತಿಳಿಯದ ಕಡೆ ಮಾತ್ರ "ಏನಂದಿ?" ಅನ್ನಿ. ಮಗ ಆ ವಾಕ್ಯವನ್ನು ತಾನೇ ಮತ್ತೆ ಕಟ್ಟಿ ಹೇಳುತ್ತಾನೆ.